ಸಿಪ್ಪೆ, ಕಲ್ಲಿದ್ದಲು, ಮಿಥೇನ್: ಎರಡು ದೇಶಗಳ ಕಾರ್ಖಾನೆ ಹೊಗೆಯನ್ನು ಹೋಲಿಸುವುದು ಹೇಗೆ?

ಮುಧೋಳ ಭಾಗದ ಕಾರ್ಖಾನೆಗಳು ಕಬ್ಬು ನುರಿಸಲು ತೊಡಗಿ ಇನ್ನೂ ವಾರ ಕಳೆದಿರಲಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಒಂದು ಗೆರೆ ನಕ್ಷೆ (ಗ್ರಾಫ್) ಹಿಡಿದು ಬಂದಳು. ಭಾರತ ಮತ್ತು ಬ್ರೆಜಿಲ್‌ನ ಕಾರ್ಖಾನೆಗಳಲ್ಲಿ ಇಂಧನ ಸುಡುವಾಗ ಗಾಳಿಗೆ ಸೇರುವ ಮಿಥೇನ್ ಮೂರು ದಶಕಗಳಲ್ಲಿ ಹೇಗೆ ಬದಲಾಯಿತು ಎಂಬುದು ಅವಳ ಪ್ರಬಂಧದ ವಿಷಯ. ಅವಳ ಮನೆಯಲ್ಲಿ ಕಬ್ಬು ಬೆಳೆಯುತ್ತಾರೆ. ಜಗತ್ತಿನಲ್ಲಿ ಅತಿ ಹೆಚ್ಚು ಕಬ್ಬು ಬೆಳೆಯುವ ಎರಡು ದೇಶಗಳನ್ನು ಆರಿಸಿಕೊಂಡದ್ದು ಸಹಜವೇ. ನಕ್ಷೆಯಲ್ಲಿ ಭಾರತದ ಗೆರೆ ನಡುವೆ ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗದಷ್ಟು ಮೇಲೆ ಜಿಗಿದಿತ್ತು. "ಆ ವರ್ಷ ಅಂಥದ್ದೇನಾಯಿತು ಸರ್?" ಎಂದು ಕೇಳಿದಳು.

ಆ ವರ್ಷ ಏನೂ ಆಗಿರಲಿಲ್ಲ. ಹಳೆಯ ವರದಿಯೊಂದರ ಅಂಕಿಗಳಿಗೆ ಹೊಸ ಸರಣಿಯೊಂದರ ಅಂಕಿಗಳನ್ನು ಅವಳು ಜೋಡಿಸಿದ್ದಳು. ಹಳೆಯದರಲ್ಲಿ ಒಂದು ಟನ್ ಮಿಥೇನನ್ನು, ಬಿಸಿ ಹಿಡಿಯುವುದರಲ್ಲಿ, 21 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮವೆಂದು ಎಣಿಸಿದ್ದರು, ಹೊಸದರಲ್ಲಿ 28ಕ್ಕೆ. 28ನ್ನು 21ರಿಂದ ಭಾಗಿಸಿದರೆ 1.33. ಒಂದು ಕೆಜಿ ಇಂಧನವೂ ಹೆಚ್ಚಾಗಿ ಉರಿಯದೆ, ಅಳತೆಗೋಲು ಬದಲಾದ ಮಾತ್ರಕ್ಕೆ ಗೆರೆ ಏರಿತ್ತು. ಅಂದು ಅವಳೊಂದಿಗೆ ಕುಳಿತು ಮಾಡಿದ ಕೆಲಸವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಲೆಕ್ಕ ಹೈಸ್ಕೂಲಿನ ಗುಣಾಕಾರಕ್ಕಿಂತ ಕಷ್ಟದ್ದಲ್ಲ. ಎಚ್ಚರ ಮಾತ್ರ ಬಹಳ ಬೇಕು.

ಹಂತ 1: ಯಾವ ಮಿಥೇನ್ ಎಂದು ಮೊದಲು ಬೇಲಿ ಹಾಕಿ

ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, 2006ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಪ್ರತಿಯೊಂದು ಮೂಲಕ್ಕೂ ಒಂದು ಸಂಕೇತವಿದೆ. ನಮಗೆ ಬೇಕಾದದ್ದು 1.ಎ.2: ತಯಾರಿಕಾ ಕೈಗಾರಿಕೆಗಳು ಮತ್ತು ನಿರ್ಮಾಣ ಕ್ಷೇತ್ರದಲ್ಲಿ ಶಾಖಕ್ಕಾಗಿ ಸುಟ್ಟ ಇಂಧನ. ಇದನ್ನು ಕಾಗದದ ಮೇಲೆ ಓದಿದರೆ ಮನಸ್ಸಿಗೆ ಇಳಿಯುವುದಿಲ್ಲ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಎಂಬ ನಮ್ಮ ಮೂರು ಜಿಲ್ಲೆಗಳನ್ನು ಒಮ್ಮೆ ಸುತ್ತಿ ಬಂದರೆ ಇಳಿಯುತ್ತದೆ.

ಸಕ್ಕರೆ ಕಾರ್ಖಾನೆಯ ಬಾಯ್ಲರ್‌ನಲ್ಲಿ ಉರಿಯುವ, ರಸ ಹಿಂಡಿ ಉಳಿದ ಕಬ್ಬಿನ ಸಿಪ್ಪೆ 1.ಎ.2ರೊಳಗೆ ಬರುತ್ತದೆ, ಆಹಾರ ಸಂಸ್ಕರಣೆಯ ಉಪವಿಭಾಗದಲ್ಲಿ. ಬಾಗಲಕೋಟೆ ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳ ಗೂಡಿನಲ್ಲಿ ಉರಿಯುವ ಕಲ್ಲಿದ್ದಲೂ ಬರುತ್ತದೆ. ಆದರೆ ಅದೇ ಗೂಡಿನಲ್ಲಿ ಸುಣ್ಣದ ಕಲ್ಲು ಒಡೆದು ಬಿಡುವ ಇಂಗಾಲದ ಡೈಆಕ್ಸೈಡ್ ಬರುವುದಿಲ್ಲ, ಅದು 'ಕೈಗಾರಿಕಾ ಪ್ರಕ್ರಿಯೆ' ಎಂಬ ಬೇರೆ ಖಾತೆ. ಇಟ್ಟಿಗೆ ಭಟ್ಟಿ, ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆಯ ಬಾಯ್ಲರ್, ಉದ್ಯಮಬಾಗದ ಫೌಂಡ್ರಿಗಳಲ್ಲಿ ಇಂಧನ ಉರಿಸುವ ಕುಲುಮೆ, ಬಟ್ಟೆಗೆ ಬಣ್ಣ ಹಾಕುವ ಘಟಕದ ಸೌದೆ ಒಲೆ ಎಲ್ಲವೂ ಒಳಗೆ. ಮಹಾಲಿಂಗಪುರದ ಸುತ್ತಲಿನ ಬೆಲ್ಲದ ಗಾಣದಲ್ಲಿ ಕೊಪ್ಪರಿಗೆಯ ಅಡಿಯಲ್ಲಿ ಉರಿಯುವ ಸಿಪ್ಪೆಯೂ ತತ್ತ್ವಪ್ರಕಾರ ಒಳಗೇ.

ಈಗ ಹೊರಗುಳಿಯುವವು. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿರುವ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಎಷ್ಟೇ ಕಲ್ಲಿದ್ದಲು ಸುಟ್ಟರೂ 1.ಎ.2 ಅಲ್ಲ. ಅದರ ಕೆಲಸವೇ ವಿದ್ಯುತ್ ಮಾರುವುದು, ಆದ್ದರಿಂದ ಅದು ಇಂಧನ ಉದ್ಯಮಗಳ ಖಾತೆಯಾದ 1.ಎ.1. ರಬಕವಿ ಬನಹಟ್ಟಿಯ ವಿದ್ಯುತ್ ಮಗ್ಗಗಳ ಪಾಲಿನ ಹೊಗೆಯೂ ಹೀಗೆ ಯಾವುದೋ ವಿದ್ಯುತ್ ಸ್ಥಾವರದ ಲೆಕ್ಕದಲ್ಲಿರುತ್ತದೆ. ಹೊಲದಲ್ಲಿ ಸುಡುವ ಕಬ್ಬಿನ ರವದಿ, ಅಂದರೆ ಒಣ ಎಲೆ, ಕೃಷಿಯ ಖಾತೆ. ಡಿಸ್ಟಿಲರಿಯ ತ್ಯಾಜ್ಯ ನೀರಿನಿಂದ ಏಳುವ ಮಿಥೇನ್ ತ್ಯಾಜ್ಯದ ಖಾತೆ. ಕಲ್ಲಿದ್ದಲು ಗಣಿಯಿಂದ ಸೋರುವ ಮಿಥೇನ್, ಅನಿಲ ಕೊಳವೆಗಳಿಂದ ಸೋರುವ ಮಿಥೇನ್ ಇನ್ನೊಂದು ಖಾತೆ. ಅದು ಸುಟ್ಟದ್ದಲ್ಲ, ಸೋರಿದ್ದು.

ಹಾಗಾದರೆ ಸಿಪ್ಪೆ ಸುಟ್ಟು ವಿದ್ಯುತ್ ತಯಾರಿಸಿ, ಉಳಿದದ್ದನ್ನು ಜಾಲಕ್ಕೆ ಮಾರುವ ಸಕ್ಕರೆ ಕಾರ್ಖಾನೆ ಎಲ್ಲಿಗೆ ಸೇರಬೇಕು? ಮಾರ್ಗಸೂಚಿಯ ಉತ್ತರ ಸ್ಪಷ್ಟವಾಗಿದೆ. ಮುಖ್ಯ ಕಸುಬು ಸಕ್ಕರೆಯಾಗಿ, ಜೊತೆಗೆ ವಿದ್ಯುತ್ ತಯಾರಿಸುವವರ ಹೊಗೆ ಆ ಕೈಗಾರಿಕೆಯ ಖಾತೆಗೇ ಹೋಗಬೇಕು. ಆದರೆ ದೇಶಗಳ ಇಂಧನ ಅಂಕಿ ಅಂಶಗಳು ಯಾವಾಗಲೂ ಹಾಗೆ ವಿಂಗಡಣೆಯಾಗಿ ಸಿಗುವುದಿಲ್ಲ. ಭಾರತ ಮತ್ತು ಬ್ರೆಜಿಲ್ ಹೋಲಿಸುವವರು ಮೊದಲು ನೋಡಬೇಕಾದ ಬಿರುಕು ಇದೇ, ಮುಂದೆ ಮತ್ತೆ ಬರುತ್ತೇನೆ.

ಹಂತ 2: ಅಂಕಿ ಹುಟ್ಟುವ ಬಗೆಯನ್ನು ನೀವೇ ಒಮ್ಮೆ ಮಾಡಿ ನೋಡಿ

ಯಾವ ದೇಶವೂ ಪ್ರತಿಯೊಂದು ಚಿಮಣಿಗೆ ಮಾಪಕ ಕಟ್ಟಿ ಮಿಥೇನ್ ಅಳೆಯುವುದಿಲ್ಲ. ಸುಟ್ಟ ಇಂಧನದ ಶಾಖವನ್ನು ಒಂದು ಗುಣಾಂಕದಿಂದ ಗುಣಿಸುತ್ತಾರೆ, ಅಷ್ಟೆ. ಐಪಿಸಿಸಿಯ 2006ರ ಮಾರ್ಗಸೂಚಿ ಕೈಗಾರಿಕೆಗೆ ಕೊಡುವ ಗುಣಾಂಕಗಳು, ಒಂದು ಟೆರಾಜೂಲ್ ಶಾಖಕ್ಕೆ (ಜೂಲ್ ಶಾಖದ ಅಳತೆ; ಸಾವಿರ ಗಿಗಾಜೂಲ್‌ಗೆ ಒಂದು ಟೆರಾಜೂಲ್) ಇಷ್ಟು ಕೆಜಿ ಮಿಥೇನ್ ಎಂಬ ಲೆಕ್ಕದಲ್ಲಿ, ಹೀಗಿವೆ: ನೈಸರ್ಗಿಕ ಅನಿಲಕ್ಕೆ 1, ಡೀಸೆಲ್ ಮತ್ತು ಫರ್ನೇಸ್ ಆಯಿಲ್‌ಗೆ 3, ಕಲ್ಲಿದ್ದಲಿಗೆ 10, ಸೌದೆ ಮತ್ತು ಸಿಪ್ಪೆಯಂಥ ಘನ ಜೈವಿಕ ಇಂಧನಕ್ಕೆ 30, ಇದ್ದಿಲಿಗೆ 200. ಈ ಐದು ಅಂಕಿಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಮುಂದಿನ ಎಲ್ಲ ಅನುಮಾನಗಳೂ ಇವುಗಳ ನೆರವಿನಿಂದಲೇ ಪರಿಹಾರವಾಗುತ್ತವೆ.

ಇಷ್ಟು ವ್ಯತ್ಯಾಸ ಏಕೆ? ಈ ಮಿಥೇನ್ ಅರೆಬರೆ ಉರಿಯುವಿಕೆಯ ಕೂಸು. ಅನಿಲ ಗಾಳಿಯೊಂದಿಗೆ ಚೆನ್ನಾಗಿ ಬೆರೆತು ಪೂರ್ತಿ ಉರಿಯುತ್ತದೆ. ಅರ್ಧದಷ್ಟು ನೀರೇ ಇರುವ ಹಸಿ ಸಿಪ್ಪೆ ಮೊದಲು ಒಣಗಬೇಕು, ಅನಂತರ ಹೊತ್ತಿಕೊಳ್ಳಬೇಕು. ಅಷ್ಟರಲ್ಲಿ ಶಾಖ ಕಡಿಮೆಯಾದ ಮೂಲೆಗಳಿಂದ ಉರಿಯದ ಅನಿಲ ತಪ್ಪಿಸಿಕೊಳ್ಳುತ್ತದೆ. ಗೂಡು ಚಿಕ್ಕದಾದಷ್ಟು, ಗಾಳಿ ಕಡಿಮೆಯಾದಷ್ಟು ಸೋರಿಕೆ ಹೆಚ್ಚು.

ಒಂದು ಲೆಕ್ಕ ಮಾಡೋಣ. ದಿನಕ್ಕೆ 5,000 ಟನ್ ಕಬ್ಬನ್ನು 150 ದಿನ ನುರಿಸುವ ಕಾರ್ಖಾನೆಯೊಂದನ್ನು ಕಲ್ಪಿಸಿಕೊಳ್ಳಿ. ಒಟ್ಟು 7.5 ಲಕ್ಷ ಟನ್ ಕಬ್ಬು. ಅದರಲ್ಲಿ ನೂರಕ್ಕೆ 30ರಷ್ಟು ಸಿಪ್ಪೆ ಎಂದರೆ 2.25 ಲಕ್ಷ ಟನ್. ಹಸಿ ಸಿಪ್ಪೆಯ ಒಂದು ಟನ್‌ನಿಂದ ಸುಮಾರು 7.5 ಗಿಗಾಜೂಲ್ ಶಾಖ ಸಿಗುತ್ತದೆ. ಎಲ್ಲವನ್ನೂ ಸುಟ್ಟರೆ ಒಟ್ಟು ಶಾಖ 1,687.5 ಟೆರಾಜೂಲ್. ಅದನ್ನು 30ರಿಂದ ಗುಣಿಸಿದರೆ 50,625 ಕೆಜಿ, ಅಂದರೆ ಒಂದು ಹಂಗಾಮಿಗೆ ಹೆಚ್ಚುಕಡಿಮೆ 51 ಟನ್ ಮಿಥೇನ್.

ಈಗ ಒಂದು ತಪ್ಪನ್ನು ಬೇಕೆಂದೇ ಮಾಡಿ ನೋಡಿ. ಸಿಪ್ಪೆಯ ಶಾಖಮೌಲ್ಯ ಗೊತ್ತಿಲ್ಲವೆಂದು ಮಾರ್ಗಸೂಚಿಯಲ್ಲಿ 'ಇತರ ಘನ ಜೈವಿಕ ಇಂಧನ'ಕ್ಕೆ ಕೊಟ್ಟ ಸಾಮಾನ್ಯ ಮೌಲ್ಯವಾದ 11.6 ಗಿಗಾಜೂಲನ್ನು ಹಾಕಿ. ಉತ್ತರ 78 ಟನ್‌ಗೆ ಏರುತ್ತದೆ. ಅದೇ ಕಾರ್ಖಾನೆ, ಅದೇ ಸಿಪ್ಪೆ. ತೇವಾಂಶದ ಲೆಕ್ಕ ತಪ್ಪಿದ್ದಕ್ಕೆ ಅರ್ಧಕ್ಕಿಂತ ಹೆಚ್ಚು ವ್ಯತ್ಯಾಸ. ಒಂದು ದೇಶ ಹಸಿ ಸಿಪ್ಪೆಯ ತೂಕವನ್ನೂ ಇನ್ನೊಂದು ಒಣ ಸಿಪ್ಪೆಯ ತೂಕವನ್ನೂ ಬರೆದಿಟ್ಟಿದ್ದರೆ ಹೋಲಿಕೆ ಅಲ್ಲಿಗೇ ಮುಗಿಯಿತು. ಟನ್ ಲೆಕ್ಕದಲ್ಲಿ ಜೈವಿಕ ಇಂಧನವನ್ನು ಎಂದಿಗೂ ಹೋಲಿಸಬೇಡಿ. ಶಾಖದ ಲೆಕ್ಕಕ್ಕೆ ತಂದ ಮೇಲೆ ಮಾತ್ರ ಹೋಲಿಸಿ.

ಇಲ್ಲಿಯೇ ಇನ್ನೊಂದು ಮಾತನ್ನೂ ಹೇಳಿಬಿಡಬೇಕು, ಏಕೆಂದರೆ ಇದನ್ನು ಅರ್ಧ ಓದಿದವರು ತಪ್ಪು ತೀರ್ಮಾನಕ್ಕೆ ಬರುವುದನ್ನು ಕಂಡಿದ್ದೇನೆ. ಅಷ್ಟೇ ಶಾಖವನ್ನು ಕಲ್ಲಿದ್ದಲಿನಿಂದ ಪಡೆದಿದ್ದರೆ ಮಿಥೇನ್ 17 ಟನ್ ಮಾತ್ರ, ಸಿಪ್ಪೆಯ ಮೂರನೇ ಒಂದು ಭಾಗ. ಹಾಗೆಂದು ಸಿಪ್ಪೆಗಿಂತ ಕಲ್ಲಿದ್ದಲು ಮೇಲು ಎನ್ನಲಾದೀತೆ? ಆ ಕಲ್ಲಿದ್ದಲು ಟೆರಾಜೂಲ್‌ಗೆ ಸುಮಾರು 95 ಟನ್‌ನಂತೆ ಒಟ್ಟು 1.6 ಲಕ್ಷ ಟನ್ ಇಂಗಾಲದ ಡೈಆಕ್ಸೈಡನ್ನು ಬಿಡುತ್ತಿತ್ತು. ಸಿಪ್ಪೆಯ ಮಿಥೇನನ್ನು 28ರಿಂದ ಗುಣಿಸಿದರೂ 1,400 ಟನ್ ಚಿಲ್ಲರೆ. ಸಿಪ್ಪೆಯಿಂದ ಬರುವ ಇಂಗಾಲದ ಡೈಆಕ್ಸೈಡನ್ನು ಇಂಧನ ವಲಯದ ಮೊತ್ತಕ್ಕೆ ಸೇರಿಸುವುದಿಲ್ಲ. ಬೆಳೆ ಹೀರಿಕೊಂಡದ್ದೇ ಮರಳಿತು ಎಂದು ಪಕ್ಕದಲ್ಲಿ ಬರೆದಿಡುತ್ತಾರೆ. ಆದರೆ ಮಿಥೇನನ್ನು ಮೊತ್ತಕ್ಕೆ ಸೇರಿಸುತ್ತಾರೆ. ಹೊಲ ಮಿಥೇನನ್ನು ಹೀರಿಕೊಂಡಿರಲಿಲ್ಲವಲ್ಲ. ಆದ್ದರಿಂದ ಮಿಥೇನ್ ನಕ್ಷೆಯೊಂದನ್ನೇ ನೋಡಿ ಒಂದು ದೇಶದ ಕೈಗಾರಿಕೆ ಹೆಚ್ಚು ಕೊಳಕು ಎನ್ನುವುದು ಅನ್ಯಾಯದ ಮಾತು.

ಹಂತ 3: ಅಂಕಿಗಳನ್ನು ಎಲ್ಲಿಂದ ತರುವುದು

ಮೂರು ಬಾವಿಗಳಿವೆ. ಮೊದಲನೆಯದು ಯುರೋಪಿಯನ್ ಆಯೋಗದ ಜಂಟಿ ಸಂಶೋಧನಾ ಕೇಂದ್ರ ಸಿದ್ಧಪಡಿಸುವ 'ಎಡ್ಗರ್' ದತ್ತಾಂಶ. 1970ರಿಂದ ಇತ್ತೀಚಿನವರೆಗೆ, ಎಲ್ಲ ದೇಶಗಳಿಗೂ ಒಂದೇ ವಿಧಾನದಲ್ಲಿ ಲೆಕ್ಕ ಹಾಕಿದ್ದು. ವಿಶ್ವ ಬ್ಯಾಂಕಿನ ಅಭಿವೃದ್ಧಿ ಸೂಚಕಗಳಲ್ಲಿ 'ಕೈಗಾರಿಕಾ ದಹನದಿಂದ ಮಿಥೇನ್' ಎಂಬ ಸಾಲು ಇದೆ. ಅದರ ಮೂಲವೂ ಎಡ್ಗರ್. ಅಲ್ಲಿಯೇ 'ಕೈಗಾರಿಕಾ ಪ್ರಕ್ರಿಯೆಗಳಿಂದ ಮಿಥೇನ್' ಎಂಬ ಇನ್ನೊಂದು ಸಾಲೂ ಇದೆ. ಹೆಸರು ಹತ್ತಿರ ಹತ್ತಿರ, ವಸ್ತು ಬೇರೆ. ನಮಗೆ ಬೇಕಾದದ್ದು ದಹನ.

ಎರಡನೆಯದು ದೇಶಗಳೇ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದಡಿ ಸಲ್ಲಿಸುವ ವರದಿಗಳು. ಜರ್ಮನಿ, ಜಪಾನ್‌ನಂಥ ಹಳೆಯ ಕೈಗಾರಿಕಾ ದೇಶಗಳು 1990ರಿಂದ ಪ್ರತಿ ವರ್ಷದ ಅಂಕಿಯನ್ನೂ ಕೊಟ್ಟಿವೆ. ಬ್ರೆಜಿಲ್ ತನ್ನ ನಾಲ್ಕನೇ ರಾಷ್ಟ್ರೀಯ ವರದಿಯಲ್ಲಿ 1990ರಿಂದ 2016ರವರೆಗೆ ಸರಣಿ ಕೊಟ್ಟಿದೆ. ಭಾರತದ ಅಧಿಕೃತ ವರದಿಗಳು ಬಿಡಿ ವರ್ಷಗಳವು: 2004ರ ಮೊದಲ ವರದಿಯಲ್ಲಿ 1994ರ ಲೆಕ್ಕ, 2012ರ ವರದಿಯಲ್ಲಿ 2000ದ ಲೆಕ್ಕ, ಆಮೇಲೆ 2010, 2014, 2016, 2019, 2020. ಈ ಬಿಂದುಗಳನ್ನು ಗೆರೆ ಎಳೆದು ಜೋಡಿಸುವ ಆಸೆಯನ್ನು ಹತ್ತಿಕ್ಕಿ. ನಡುವಿನ ವರ್ಷಗಳಲ್ಲಿ ಗೆರೆ ಏರಿತೋ ಇಳಿಯಿತೋ ಆ ಬಿಂದುಗಳು ಹೇಳುವುದಿಲ್ಲ. ಬಿಂದುಗಳನ್ನು ಬಿಂದುಗಳಾಗಿಯೇ ತೋರಿಸಿ.

ಮೂರನೆಯದು ಸ್ವಂತ ಲೆಕ್ಕ. ಭಾರತದ ಅಂಕಿ ಅಂಶ ಸಚಿವಾಲಯದ ವಾರ್ಷಿಕ ಇಂಧನ ವರದಿ ಮತ್ತು ಬ್ರೆಜಿಲ್‌ನ ಇಂಧನ ಸಂಶೋಧನಾ ಸಂಸ್ಥೆಯ ರಾಷ್ಟ್ರೀಯ ಇಂಧನ ಲೆಕ್ಕಪತ್ರದಿಂದ ಇಂಧನದ ಅಂಕಿ ತೆಗೆದು, ಮೇಲಿನ ಗುಣಾಂಕಗಳಿಂದ ಗುಣಿಸುವುದು. ದುಡಿಮೆ ಹೆಚ್ಚು, ಆದರೆ ಅಂಕಿಯ ಹಿಂದಿನ ಇಂಧನ ಕಾಣುವುದು ಇಲ್ಲಿ ಮಾತ್ರ. ನನ್ನ ಸಲಹೆ: ನಕ್ಷೆಯನ್ನು ಎಡ್ಗರ್‌ನಿಂದ ಬರೆಯಿರಿ, ವಿವರಣೆಯನ್ನು ಸ್ವಂತ ಲೆಕ್ಕದಿಂದ ಕಂಡುಕೊಳ್ಳಿ, ದೇಶದ ವರದಿಯನ್ನು ಸಾಕ್ಷಿಯಾಗಿ ಪಕ್ಕದಲ್ಲಿಡಿ. ಒಂದು ದೇಶಕ್ಕೆ ಎಡ್ಗರ್, ಇನ್ನೊಂದಕ್ಕೆ ಅಧಿಕೃತ ವರದಿ ಎಂದು ಮಾತ್ರ ಮಾಡಬೇಡಿ. ಎಡ್ಗರ್‌ನ ಎರಡು ಆವೃತ್ತಿಗಳನ್ನೂ ಬೆರೆಸಬೇಡಿ, ಏಕೆಂದರೆ ಪ್ರತಿ ಹೊಸ ಆವೃತ್ತಿಯಲ್ಲಿ ಹಳೆಯ ವರ್ಷಗಳ ಲೆಕ್ಕವೂ ತಿದ್ದುಪಡಿಯಾಗುತ್ತದೆ. ಇಳಿಸಿಕೊಂಡ ದಿನಾಂಕ ಮತ್ತು ಆವೃತ್ತಿಯ ಹೆಸರನ್ನು ಕಡತದ ಮೊದಲ ಸಾಲಿನಲ್ಲೇ ಬರೆದಿಡಿ.

ಹಂತ 4: ಎರಡೂ ಅಂಕಿಗಳನ್ನು ಒಂದೇ ತಕ್ಕಡಿಗೆ ತನ್ನಿ

ನನ್ನ ವಿದ್ಯಾರ್ಥಿನಿ ಎಡವಿದ್ದು ಇಲ್ಲಿ, ಆದ್ದರಿಂದ ನಿಧಾನವಾಗಿ ಹೋಗೋಣ.

ಮಿಥೇನನ್ನು ಇಂಗಾಲದ ಡೈಆಕ್ಸೈಡ್‌ಗೆ ಸಮಾನವಾಗಿ ಹೇಳುವ ಗುಣಕ ಐಪಿಸಿಸಿಯ ವರದಿಯಿಂದ ವರದಿಗೆ ಬದಲಾಗುತ್ತ ಬಂದಿದೆ. ನೂರು ವರ್ಷಗಳ ಲೆಕ್ಕದಲ್ಲಿ ಎರಡನೇ ವರದಿ 21 ಎಂದಿತು, ನಾಲ್ಕನೆಯದು 25, ಐದನೆಯದು 28. ಆರನೆಯದು ಪಳೆಯುಳಿಕೆ ಇಂಧನ ಮೂಲದ ಮಿಥೇನ್‌ಗೆ 29.8, ಜೈವಿಕ ಮೂಲದ್ದಕ್ಕೆ 27 ಎನ್ನುತ್ತದೆ. ಇಪ್ಪತ್ತು ವರ್ಷಗಳ ಲೆಕ್ಕ ಹಿಡಿದರೆ ಎಂಬತ್ತರ ಆಸುಪಾಸು, ಏಕೆಂದರೆ ಮಿಥೇನ್ ವಾತಾವರಣದಲ್ಲಿ ಉಳಿಯುವುದು ಸರಾಸರಿ ಹನ್ನೆರಡು ವರ್ಷದಷ್ಟೇ, ಆದರೆ ಇರುವಷ್ಟು ಕಾಲ ಬಹಳ ಬಿಸಿ ಹಿಡಿಯುತ್ತದೆ. ಭಾರತದ ಮೊದಲ ವರದಿ 21ನ್ನು ಬಳಸಿತ್ತು. ವಿಶ್ವ ಬ್ಯಾಂಕಿನ ಈಗಿನ ಸಾಲು 28ನ್ನು ಬಳಸುತ್ತದೆ. ಪ್ಯಾರಿಸ್ ಒಪ್ಪಂದದ ನಿಯಮದಂತೆ ದೇಶಗಳು ಈಗ ಬಳಸಬೇಕಾದದ್ದೂ 28.

ಪರಿಹಾರ ಸುಲಭ. ಗುಣಕವನ್ನು ಬಿಚ್ಚಿ, ಬರೀ ಮಿಥೇನಿನ ಟನ್‌ಗೆ ಮರಳಿ. ವಿಶ್ವ ಬ್ಯಾಂಕಿನ ಸಾಲು ಹತ್ತು ಲಕ್ಷ ಟನ್‌ಗಳ ಲೆಕ್ಕದಲ್ಲಿದೆ. ಅಲ್ಲಿ 1.4 ಎಂದಿದ್ದರೆ ಅದು 14 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮಾನ. 28ರಿಂದ ಭಾಗಿಸಿದರೆ 50 ಸಾವಿರ ಟನ್ ಮಿಥೇನ್. ಒಂದೇ ಅನಿಲವನ್ನು ಹೋಲಿಸುವಾಗ ಇನ್ನೊಂದು ಅನಿಲದ ಅಳತೆ ಬೇಕಾಗಿಯೇ ಇಲ್ಲ. ಇದು ನನ್ನ ಖಚಿತ ಅಭಿಪ್ರಾಯ.

ಘಟಕಗಳ ಬಗ್ಗೆ ಚುಟುಕಾಗಿ: ಗಿಗಾಗ್ರಾಂ ಎಂದರೆ ಸಾವಿರ ಟನ್, ಟೆರಾಗ್ರಾಂ ಎಂದರೆ ಹತ್ತು ಲಕ್ಷ ಟನ್. ಬ್ರೆಜಿಲ್‌ನ ಇಂಧನ ಲೆಕ್ಕ ತೈಲಕ್ಕೆ ಸಮಾನವಾದ ಟನ್‌ಗಳಲ್ಲಿರುತ್ತದೆ. ಅಂಥ ಒಂದು ಟನ್ 41.868 ಗಿಗಾಜೂಲ್. ಅಲ್ಲಿನ ಕಡತಗಳಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕೆ. ನಮ್ಮ ಕಂಪ್ಯೂಟರಿನಲ್ಲಿ ತೆರೆದಾಗ 1.234 ಎಂದು ಕಂಡದ್ದು ಸಾವಿರದ ಇನ್ನೂರ ಮೂವತ್ತನಾಲ್ಕು ಆಗಿರಬಹುದು. ಶಾಖಮೌಲ್ಯದಲ್ಲಿ ಒಟ್ಟು ಮತ್ತು ನಿವ್ವಳ ಎಂದು ಎರಡಿವೆ. ಹೊಗೆಯ ನೀರಾವಿ ಒಯ್ಯುವ ಶಾಖವನ್ನು ಕಳೆದದ್ದು ನಿವ್ವಳ. ಮಾರ್ಗಸೂಚಿಯ ಗುಣಾಂಕಗಳು ನಿವ್ವಳಕ್ಕೆ. ಅನಿಲಕ್ಕೆ ಒಟ್ಟು ಮೌಲ್ಯ ಹಾಕಿದರೆ ಹತ್ತರಲ್ಲಿ ಒಂದು ಪಾಲು ಹೆಚ್ಚಾಗುತ್ತದೆ.

ಇನ್ನು ವರ್ಷದ ಪ್ರಶ್ನೆ. ನಮ್ಮ ಇಂಧನ ವರದಿ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ಬ್ರೆಜಿಲ್‌ನದು ಜನವರಿಯಿಂದ ಡಿಸೆಂಬರ್. ಸಾಮಾನ್ಯವಾಗಿ ಹಿಂದಿನ ಆರ್ಥಿಕ ವರ್ಷದ ಕಾಲು ಭಾಗ, ಈ ವರ್ಷದ ಮುಕ್ಕಾಲು ಭಾಗ ಕೂಡಿಸಿ ಕ್ಯಾಲೆಂಡರ್ ವರ್ಷ ಮಾಡುತ್ತಾರೆ. ಕಲ್ಲಿದ್ದಲಿಗೆ ಅದು ಸರಿ. ಸಿಪ್ಪೆಗೆ ಸರಿಯಲ್ಲ, ಮತ್ತು ಇದು ಘಟಪ್ರಭೆಯ ದಂಡೆಯಲ್ಲಿರುವವರಿಗೆ ಕಣ್ಣಿಗೆ ಕಾಣುವ ಸತ್ಯ. ಇಲ್ಲಿ ಚಿಮಣಿ ಹೊಗೆಯಾಡುವುದು ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ. ಜೂನ್ ಜುಲೈನಲ್ಲಿ ಬಹುಪಾಲು ಕಾರ್ಖಾನೆಗಳು ಯಂತ್ರ ಬಿಚ್ಚಿ ದುರಸ್ತಿ ಮಾಡಿಕೊಳ್ಳುತ್ತಿರುತ್ತವೆ. ಹಾಗಾಗಿ ಜನವರಿಯಿಂದ ಮಾರ್ಚ್‌ವರೆಗಿನ ಮೂರು ತಿಂಗಳ ಪಾಲು ಕಾಲಲ್ಲ, ಹತ್ತಿರ ಹತ್ತಿರ ಅರ್ಧ. ಬ್ರೆಜಿಲ್‌ನ ಮಧ್ಯ ಮತ್ತು ದಕ್ಷಿಣ ಭಾಗದಲ್ಲಿ ಹಂಗಾಮು ಏಪ್ರಿಲ್‌ನಿಂದ ವರ್ಷದ ಕೊನೆಯ ತನಕ, ಪೂರ್ತಿ ಒಂದೇ ಕ್ಯಾಲೆಂಡರ್ ವರ್ಷದೊಳಗೆ. ಇದಕ್ಕೆ ನನ್ನ ದಾರಿ: ವರ್ಷ ವರ್ಷದ ಏರಿಳಿತವನ್ನು ಹೋಲಿಸದೆ ಮೂರು ವರ್ಷಗಳ ಸರಾಸರಿಯನ್ನು ಹೋಲಿಸುವುದು. ಮಳೆ ಕೈಕೊಟ್ಟು ಕಬ್ಬು ಕಡಿಮೆಯಾದ ಒಂದು ವರ್ಷ ಇಡೀ ನಕ್ಷೆಯನ್ನು ಕೆಡಿಸುವುದೂ ಇದರಿಂದ ತಪ್ಪುತ್ತದೆ.

ಕೊನೆಯದಾಗಿ, ಮೊದಲೇ ಹೇಳಿದ ಬಿರುಕು. ಬ್ರೆಜಿಲ್ 1975ರಲ್ಲಿ ಎಥೆನಾಲ್ ಯೋಜನೆ ಆರಂಭಿಸಿತು. ಅದರ ರಾಷ್ಟ್ರೀಯ ಇಂಧನ ಲೆಕ್ಕದಲ್ಲಿ ಸಕ್ಕರೆಗಾಗಿ ಸುಟ್ಟ ಸಿಪ್ಪೆ ಆಹಾರ ಕೈಗಾರಿಕೆಯ ಸಾಲಿನಲ್ಲಿದೆ, ಎಥೆನಾಲ್‌ಗಾಗಿ ಸುಟ್ಟ ಸಿಪ್ಪೆ ಇಂಧನ ವಲಯದ ಸಾಲಿನಲ್ಲಿದೆ. ಒಂದೇ ಹೊಲದ ಕಬ್ಬು, ಒಂದೇ ಬಾಯ್ಲರ್, ಎರಡು ಖಾತೆ! ಭಾರತದಲ್ಲೂ ಈಗ ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಪ್ರಮಾಣ ಏರಿ, ಸಕ್ಕರೆ ಕಾರ್ಖಾನೆಗಳ ಪಕ್ಕದಲ್ಲೇ ಡಿಸ್ಟಿಲರಿಗಳು ಎದ್ದಿವೆ. 1.ಎ.2 ಒಂದನ್ನೇ ಹೋಲಿಸಿದರೆ ಬ್ರೆಜಿಲ್‌ನ ಸಿಪ್ಪೆಯ ದೊಡ್ಡ ಪಾಲು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಈ ಎರಡು ದೇಶಗಳ ಮಟ್ಟಿಗೆ ಎರಡು ಗೆರೆ ಬರೆಯಿರಿ: ಒಂದು ನಿಯಮದಂತೆ 1.ಎ.2 ಮಾತ್ರ, ಇನ್ನೊಂದು ಎಥೆನಾಲ್‌ಗಾಗಿ ಸುಟ್ಟದ್ದನ್ನೂ ಕೂಡಿಸಿದ್ದು. ಬ್ರೆಜಿಲ್‌ನ ಬೀಡುಕಬ್ಬಿಣ ಉದ್ಯಮದ ಇದ್ದಿಲೂ ಹೀಗೆಯೇ. ಕಬ್ಬಿಣದ ಅದಿರನ್ನು ಅಪಕರ್ಷಿಸಲು, ಅಂದರೆ ಅದರಲ್ಲಿನ ಆಮ್ಲಜನಕ ತೆಗೆಯಲು, ಊದು ಕುಲುಮೆಗೆ ಹಾಕಿದ ಇದ್ದಿಲು ಮಾರ್ಗಸೂಚಿಯ ಪ್ರಕಾರ ಪ್ರಕ್ರಿಯೆಯ ಖಾತೆಗೆ ಹೋಗಬೇಕು, ದಹನಕ್ಕಲ್ಲ. ಅದರ ಗುಣಾಂಕ 200 ಇರುವುದರಿಂದ ಸ್ವಲ್ಪ ಇದ್ದಿಲು ತಪ್ಪು ಸಾಲಿಗೆ ಬಿದ್ದರೂ ಮೊತ್ತ ಬಹಳ ಹಾರುತ್ತದೆ.

ಹಂತ 5: ಪ್ರಮಾಣವೋ, ಇಂಧನದ ಬೆರಕೆಯೋ ಎಂದು ಬಿಡಿಸಿ ನೋಡಿ

ಇಡೀ ಕೆಲಸದ ತಿರುಳು ಇದು. ಮಿಥೇನ್ ಏರಿತು ಎಂದರೆ ಇಂಧನ ಹೆಚ್ಚು ಉರಿಯಿತು ಎಂದೇ ಅರ್ಥವಲ್ಲ, ಬೇರೆ ಇಂಧನ ಉರಿಯಿತು ಎಂದೂ ಆಗಬಹುದು. ಕಲಿಯಲೆಂದು ಎರಡು ಕಾಲ್ಪನಿಕ ದೇಶಗಳನ್ನು ತೆಗೆದುಕೊಳ್ಳಿ.

'ಕ' ದೇಶದ ಕೈಗಾರಿಕೆ ಮೊದಲ ವರ್ಷ 100 ಪೆಟಾಜೂಲ್ ಸುಡುತ್ತದೆ: 80 ಕಲ್ಲಿದ್ದಲು, 20 ಸಿಪ್ಪೆ. ಒಂದು ಪೆಟಾಜೂಲ್ ಎಂದರೆ ಸಾವಿರ ಟೆರಾಜೂಲ್, ಹಾಗಾಗಿ ಗುಣಾಂಕ ನೇರವಾಗಿ ಟನ್‌ಗಳಲ್ಲಿ ಉತ್ತರ ಕೊಡುತ್ತದೆ. ಮಿಥೇನ್ 800 ಮತ್ತು 600 ಸೇರಿ 1,400 ಟನ್. ಕೊನೆಯ ವರ್ಷ 150 ಪೆಟಾಜೂಲ್: 135 ಕಲ್ಲಿದ್ದಲು, 15 ಸಿಪ್ಪೆ. ಮಿಥೇನ್ 1,800 ಟನ್. 'ಖ' ದೇಶ ಮೊದಲ ವರ್ಷ 60 ಅನಿಲ, 40 ಸಿಪ್ಪೆ ಸುಟ್ಟು 1,260 ಟನ್ ಬಿಡುತ್ತದೆ. ಕೊನೆಯ ವರ್ಷ 44 ಅನಿಲ, 66 ಸಿಪ್ಪೆ ಸುಟ್ಟು 2,024 ಟನ್.

'ಕ' ದೇಶದಲ್ಲಿ ಇಂಧನ ಅರ್ಧದಷ್ಟು ಹೆಚ್ಚಿತು, ಮಿಥೇನ್ ಶೇ 29 ಮಾತ್ರ. 'ಖ' ದೇಶದಲ್ಲಿ ಇಂಧನ ಶೇ 10 ಹೆಚ್ಚಿತು, ಮಿಥೇನ್ ಶೇ 61. ಮಿಥೇನ್ ಗೆರೆಗಳನ್ನು ಮಾತ್ರ ನೋಡಿದವನು 'ಖ' ದೇಶವನ್ನು ಬೈಯುತ್ತಾನೆ. ಕಲ್ಲಿದ್ದಲನ್ನು ಬೇಕಾಬಿಟ್ಟಿ ಹೆಚ್ಚಿಸಿದ್ದು 'ಕ' ದೇಶ, ಅನಿಲ ಬಿಟ್ಟು ಸಿಪ್ಪೆಗೆ ಹೊರಳಿದ್ದು 'ಖ' ದೇಶ.

ಬಿಡಿಸುವ ಕ್ರಮ ಹೀಗೆ. ಮೊದಲ ವರ್ಷದ ಮಿಥೇನನ್ನು ಮೊದಲ ವರ್ಷದ ಶಾಖದಿಂದ ಭಾಗಿಸಿ ಸರಾಸರಿ ಗುಣಾಂಕ ಪಡೆಯಿರಿ. 'ಕ' ದೇಶಕ್ಕೆ ಅದು 14. ಬೆರಕೆ ಬದಲಾಗದೆ ಇಂಧನ ಮಾತ್ರ 150ಕ್ಕೆ ಏರಿದ್ದರೆ ಮಿಥೇನ್ 2,100 ಟನ್ ಆಗಬೇಕಿತ್ತು, ಅಂದರೆ 700 ಟನ್ ಹೆಚ್ಚಳ. ನಿಜದಲ್ಲಿ ಹೆಚ್ಚಿದ್ದು 400. ಉಳಿದ 300 ಟನ್ ಇಳಿಕೆ ಬೆರಕೆಯಿಂದ ಬಂದದ್ದು. 'ಖ' ದೇಶಕ್ಕೆ ಸರಾಸರಿ 12.6, ಪ್ರಮಾಣದಿಂದ 126 ಟನ್ ಏರಿಕೆ, ಬೆರಕೆಯಿಂದ 638 ಟನ್ ಏರಿಕೆ. ನಿಮ್ಮ ಪ್ರಬಂಧದಲ್ಲಿ ಒಂದೇ ಕೋಷ್ಟಕಕ್ಕೆ ಜಾಗವಿದ್ದರೆ ಇದನ್ನು ಹಾಕಿ.

ಸರಾಸರಿ ಗುಣಾಂಕದಿಂದ ಇನ್ನೊಂದು ಉಪಕಾರವಿದೆ. ಇದ್ದಿಲನ್ನು ಬಿಟ್ಟರೆ ಅದು 1 ಮತ್ತು 30ರ ನಡುವೆಯೇ ಇರಬೇಕು. ನಿಮಗೆ 0.4 ಬಂದರೆ ಅಥವಾ 300 ಬಂದರೆ ಎಲ್ಲೋ ಘಟಕ ತಪ್ಪಿದೆ ಅಥವಾ ಗುಣಕ ಬಿಚ್ಚುವುದನ್ನು ಮರೆತಿದ್ದೀರಿ. ಪ್ರತಿ ವರ್ಷಕ್ಕೂ ಈ ಪರೀಕ್ಷೆ ಮಾಡಿ.

ತಲಾ ಲೆಕ್ಕವನ್ನು ಎಲ್ಲರೂ ಕೇಳುತ್ತಾರೆ. ಭಾರತದಲ್ಲಿ 140 ಕೋಟಿಗೂ ಹೆಚ್ಚು ಜನ, ಬ್ರೆಜಿಲ್‌ನ 2022ರ ಜನಗಣತಿಯಲ್ಲಿ 20.3 ಕೋಟಿ. ಏಳು ಪಟ್ಟು ವ್ಯತ್ಯಾಸವಿರುವಾಗ ಬರೀ ಮೊತ್ತ ತೋರಿಸುವುದು ನ್ಯಾಯವಲ್ಲ, ತಲಾ ಅಂಕಿ ಪಕ್ಕದಲ್ಲಿರಲಿ. ತಯಾರಿಕಾ ವಲಯದ ಮೌಲ್ಯಕ್ಕೆ ಭಾಗಿಸುವುದಾದರೆ ಸ್ಥಿರ ಬೆಲೆಗಳಲ್ಲಿ ಇರುವ ಅಂಕಿಯನ್ನೇ ಬಳಸಿ. ಆದರೆ ಸುಡುವ ವಿಧಾನದ ಬಗ್ಗೆ ಏನಾದರೂ ಹೇಳುವುದು ಶಾಖಕ್ಕೆ ಭಾಗಿಸಿದ ಅಂಕಿ ಮಾತ್ರ.

ಹಂತ 6: ಅನಿಶ್ಚಿತತೆಯನ್ನು ಮುಚ್ಚಿಡಬೇಡಿ

ಸಿಪ್ಪೆಯ ಗುಣಾಂಕ 30 ಎಂದೆ. ಮಾರ್ಗಸೂಚಿಯಲ್ಲೇ ಅದರ ಪಕ್ಕದಲ್ಲಿ 10ರಿಂದ 100ರವರೆಗೆ ಎಂದು ಬರೆದಿದೆ. ಕಲ್ಲಿದ್ದಲಿನ 10ಕ್ಕೆ 3ರಿಂದ 30. ನಮ್ಮ ಕಾಲ್ಪನಿಕ ಸಕ್ಕರೆ ಕಾರ್ಖಾನೆಯ 51 ಟನ್ ನಿಜದಲ್ಲಿ 17 ಆಗಿರಬಹುದು, 169 ಕೂಡ ಆಗಿರಬಹುದು. ಹೀಗಿರುವಾಗ "ಭಾರತ ಬ್ರೆಜಿಲ್‌ಗಿಂತ ಶೇ 12.4 ಹೆಚ್ಚು" ಎಂದು ದಶಮಾಂಶ ಸಹಿತ ಬರೆಯುವುದು ಓದುಗರಿಗೆ ಮಾಡುವ ಮೋಸ.

ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಒಂದೇ ದೇಶದ ಒಂದೇ ಇಂಧನಕ್ಕೆ ಎಲ್ಲ ವರ್ಷವೂ ಅದೇ ಗುಣಾಂಕ ಹಾಕಿದ್ದರೆ, ಗುಣಾಂಕದ ತಪ್ಪು ಮೊದಲ ವರ್ಷಕ್ಕೂ ಕೊನೆಯ ವರ್ಷಕ್ಕೂ ಒಂದೇ. ಅನುಪಾತ ತೆಗೆದಾಗ ಅದು ಹೊಡೆದುಹೋಗುತ್ತದೆ. ಆದ್ದರಿಂದ ಮಟ್ಟಕ್ಕಿಂತ ಏರಿಳಿತದ ದಿಕ್ಕು ಹೆಚ್ಚು ನಂಬಿಕೆಗೆ ಅರ್ಹ. ಎರಡು ದೇಶಗಳೂ ಮುಖ್ಯವಾಗಿ ಸಿಪ್ಪೆಯನ್ನೇ ಸುಡುತ್ತಿದ್ದರೆ ಅವುಗಳ ನಡುವಿನ ಅನುಪಾತವೂ ಗಟ್ಟಿ. ಒಂದು ಕಲ್ಲಿದ್ದಲು, ಇನ್ನೊಂದು ಸಿಪ್ಪೆ ಎಂದಾದರೆ ಎರಡು ಗುಣಾಂಕಗಳ ತಪ್ಪು ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ, ಯಾರು ಹೆಚ್ಚು ಎಂಬ ತೀರ್ಪೇ ಅಲುಗಾಡುತ್ತದೆ. ಪರೀಕ್ಷಿಸಲು ಸಿಪ್ಪೆಗೆ ಒಮ್ಮೆ 10, ಒಮ್ಮೆ 100 ಹಾಕಿ ಇಡೀ ಲೆಕ್ಕವನ್ನು ಮತ್ತೆ ಮಾಡಿ. ಎರಡು ಬಾರಿಯೂ ಅದೇ ದೇಶ ಮುಂದಿದ್ದರೆ ಧೈರ್ಯವಾಗಿ ಬರೆಯಿರಿ. ಸ್ಥಾನ ಅದಲುಬದಲಾದರೆ ಅದನ್ನೇ ಫಲಿತಾಂಶವೆಂದು ಬರೆಯಿರಿ.

ಹಂತ 7: ನಕ್ಷೆ

ಎರಡು ದೇಶಗಳಿಗೂ ಒಂದೇ ಲಂಬ ಅಕ್ಷ, ಸೊನ್ನೆಯಿಂದ ಶುರು. ಎಡಕ್ಕೊಂದು, ಬಲಕ್ಕೊಂದು ಅಕ್ಷ ಹಾಕಿ ಗೆರೆಗಳನ್ನು ಬೇಕಾದಲ್ಲಿ ಕೂಡಿಸುವ ಅಭ್ಯಾಸ ಬಿಡಿ. ದೇಶಗಳ ಗಾತ್ರದಲ್ಲಿ ಬಹಳ ಅಂತರವಿದ್ದರೆ ಇನ್ನೊಂದು ನಕ್ಷೆಯಲ್ಲಿ ಆರಂಭದ ಮೂರು ವರ್ಷಗಳ ಸರಾಸರಿಯನ್ನು 100 ಎಂದಿಟ್ಟು ಸೂಚ್ಯಂಕ ಬರೆಯಿರಿ. ವಾರ್ಷಿಕ ಬೆಳವಣಿಗೆ ದರ ಬೇಕಿದ್ದರೆ ಕೊನೆಯ ಸರಾಸರಿಯನ್ನು ಮೊದಲ ಸರಾಸರಿಯಿಂದ ಭಾಗಿಸಿ, ನಡುವಿನ ವರ್ಷಗಳ ಸಂಖ್ಯೆಯಷ್ಟು ಮೂಲ ತೆಗೆದು, ಒಂದನ್ನು ಕಳೆಯಿರಿ. 2020ನ್ನು ಕೊನೆಯ ವರ್ಷವಾಗಿ ಇಟ್ಟುಕೊಳ್ಳಬೇಡಿ, ಕೊರೋನಾ ವರ್ಷದ ಕುಸಿತ ಮೂವತ್ತು ವರ್ಷಗಳ ಕಥೆಯನ್ನೇ ತಿರುಚುತ್ತದೆ.

ಈ ಗೆರೆ ದೇಶದ ಒಟ್ಟು ಮಿಥೇನಿನಲ್ಲಿ ಎಷ್ಟು ಸಣ್ಣದು ಎಂಬುದನ್ನೂ ನಕ್ಷೆಯ ಮೂಲೆಯಲ್ಲಿ ತೋರಿಸಿ. ಭಾರತದಲ್ಲಿ ಜಾನುವಾರು ಮತ್ತು ಭತ್ತದ ಗದ್ದೆಗಳು, ಬ್ರೆಜಿಲ್‌ನಲ್ಲಿ ಮುಖ್ಯವಾಗಿ ದನಗಳು ಮಿಥೇನಿನ ದೊಡ್ಡ ಮೂಲಗಳು. ಮಿಥೇನನ್ನು 2030ರ ಹೊತ್ತಿಗೆ 2020ರ ಮಟ್ಟಕ್ಕಿಂತ ಶೇ 30ರಷ್ಟು ಇಳಿಸುವ, 2021ರಲ್ಲಿ ಗ್ಲಾಸ್ಗೋದಲ್ಲಿ ಘೋಷಣೆಯಾದ ಜಾಗತಿಕ ಪ್ರತಿಜ್ಞೆಗೆ ಬ್ರೆಜಿಲ್ ಸೇರಿದೆ, ಭಾರತ ಸೇರಿಲ್ಲ. ಆ ಚರ್ಚೆಗೆ ಕಾರ್ಖಾನೆ ಬಾಯ್ಲರ್‌ಗಳ ನಕ್ಷೆಯನ್ನು ಸಾಕ್ಷಿಯಾಗಿ ತರುವುದು ಸಲ್ಲದು. ಇದು ಕೈಗಾರಿಕೆ ಯಾವ ಇಂಧನವನ್ನು ಹೇಗೆ ಸುಡುತ್ತಿದೆ ಎಂದು ತಿಳಿಯುವ ನಕ್ಷೆ.

ಸಾಧ್ಯವಾದರೆ ಹಂಗಾಮಿನಲ್ಲಿ ಒಮ್ಮೆ ಅನುಮತಿ ಪಡೆದು ಹತ್ತಿರದ ಕಾರ್ಖಾನೆಯ ಬಾಯ್ಲರ್ ಮನೆಗೆ ಹೋಗಿ ಬನ್ನಿ. ಸಿಪ್ಪೆಯ ತೇವಾಂಶ ಎಷ್ಟು, ವಿದ್ಯುತ್ ಎಷ್ಟು ಮಾರುತ್ತಾರೆ, ಹಂಗಾಮು ಮುಗಿದ ಮೇಲೆ ಕಲ್ಲಿದ್ದಲು ಸುಡುತ್ತಾರೆಯೇ ಎಂದು ಕೇಳಿ. ನನ್ನ ವಿದ್ಯಾರ್ಥಿನಿ ಹೋಗಿ ಬಂದಳು. ಬಾಯ್ಲರ್ ನೋಡಿಕೊಳ್ಳುವ ಹಿರಿಯರೊಬ್ಬರು ಒಂದು ಹಿಡಿ ಸಿಪ್ಪೆಯನ್ನು ಅವಳ ಕೈಗೆ ಕೊಟ್ಟು, "ಹಿಂಡಿ ನೋಡಮ್ಮ, ಅಂಗೈ ಒದ್ದೆಯಾಗುತ್ತದೆ" ಎಂದರಂತೆ. ಮರುದಿನ ಅವಳು 11.6 ಇದ್ದ ಕಡೆಯಲ್ಲೆಲ್ಲ 7.5 ಹಾಕಿ ಲೆಕ್ಕವನ್ನು ಮೊದಲಿನಿಂದ ಮಾಡಿದಳು. ಅವಳ ನಕ್ಷೆಯ ಅಡಿಯಲ್ಲಿ ಈಗ ಹೀಗೆ ಬರೆದಿದೆ: "ಮಿಥೇನ್ ಟನ್‌ಗಳಲ್ಲಿ. 1.ಎ.2 ಮಾತ್ರ, ಎಥೆನಾಲ್‌ಗಾಗಿ ಸುಟ್ಟ ಸಿಪ್ಪೆಯನ್ನು ಸೇರಿಸಿದ ಲೆಕ್ಕ ಚುಕ್ಕೆ ಗೆರೆಯಲ್ಲಿದೆ. ಮೂರು ವರ್ಷಗಳ ಸರಾಸರಿ. ಸಿಪ್ಪೆ ಹಸಿಯದು."